ಕಾಗೆ ಕಾಲಿಗೆ ನಂಬರ್ ತೊಡಿಸಿದ ಥೀನೆಮನ್

ಕಾಗೆ ಗಂಟೆಗೆ ಎಷ್ಟು ಕಿಲೋಮೀಟರ್ ಹಾರುತ್ತೆ? ಕೇಳಿದರೆ ನಾವೆಲ್ಲ ಏನೋ ಒಂದು ಅಂದಾಜು ಹೇಳ್ತೀವಿ. 19ನೇ ಶತಮಾನದ ಯುರೋಪಿನಲ್ಲಿ ಬಲ್ಲವರು ಹೇಳ್ತಿದ್ದದ್ದೂ ಅಂದಾಜೇ. ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದಲ್ಲಿ ದಶಕಗಟ್ಟಲೆ ವಲಸೆ ಹಕ್ಕಿ ನೋಡಿದ್ದ ಚಿತ್ರಕಾರ ಹೈನ್‌ರಿಷ್ ಗೇಟ್ಕೆ, ವಲಸೆ ಹೊರಟ ಬೂದು ಕಾಗೆಯ ವೇಗ ಗಂಟೆಗೆ ನೂರು ಮೈಲಿಗೂ ಹೆಚ್ಚು ಎಂದು ಬರೆದಿಟ್ಟಿದ್ದರು. ಅದನ್ನು ಅಳೆದೇ ನೋಡೋಣ ಎಂದು ಹೊರಟವರು ಯೋಹಾನೆಸ್ ಥೀನೆಮನ್.

ಹುಟ್ಟಿದ್ದು 1863ರಲ್ಲಿ, ಜರ್ಮನಿಯ ತುರಿಂಗಿಯಾದ ಪಾದ್ರಿ ಮನೆತನದಲ್ಲಿ. ಓದಿದ್ದು ಥಿಯಾಲಜಿ, ಹುಚ್ಚು ಹಕ್ಕಿಗಳದ್ದು. 1896ರಲ್ಲಿ ಬಾಲ್ಟಿಕ್ ಕರಾವಳಿಯ ರೋಸಿಟನ್ ಎಂಬ ಹಳ್ಳಿಗೆ ಹೋದರು. ಅದು ಕ್ಯೂರೋನಿಯನ್ ಸ್ಪಿಟ್ ಎಂಬ ಮರಳ ಪಟ್ಟಿಯ ಮೇಲಿದೆ. ಉದ್ದ 98 ಕಿ.ಮೀ., ಅಗಲ ಕೆಲವು ಕಡೆ ಅರ್ಧ ಕಿಲೋಮೀಟರೂ ಇಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು. ಶರತ್ಕಾಲದಲ್ಲಿ ಉತ್ತರದಿಂದ ಬರುವ ನೆಲದ ಹಕ್ಕಿಗಳಿಗೆ ನೀರಿನ ಮೇಲೆ ಹೋಗೋದು ಇಷ್ಟವಿಲ್ಲ, ಹಾಗಾಗಿ ಎಲ್ಲವೂ ಈ ಪಟ್ಟಿಯ ಮೇಲೇ ನುಗ್ಗುತ್ತವೆ. ಆಲಿಕೆಯಲ್ಲಿ ಎಣ್ಣೆ ಸುರಿದ ಹಾಗೆ. ಈ ಹಕ್ಕಿ ಹೊಳೆ ನೋಡಿದ ಮೇಲೆ ಥೀನೆಮನ್‌ಗೆ ಬೇರೆಲ್ಲೂ ಮನಸ್ಸು ನಿಲ್ಲಲಿಲ್ಲ. 1901ರ ಜನವರಿ 1ರಂದು ಅಲ್ಲೇ ಪಕ್ಷಿ ವೀಕ್ಷಣಾಲಯ ಶುರುವಾಯಿತು.

ವೇಗ ಅಳೆದ ರೀತಿ ನೋಡಿ, ನಮ್ಮ ಲ್ಯಾಬಿನ ಪ್ರಯೋಗದಷ್ಟೇ ಸರಳ. ಅರ್ಧ ಕಿಲೋಮೀಟರ್ ಅಂತರದಲ್ಲಿ ಎರಡು ಗೆರೆ, ಎರಡೂ ಕಡೆ ಒಬ್ಬೊಬ್ಬರು, ನಡುವೆ ಟೆಲಿಫೋನ್ ತಂತಿ. ಹಕ್ಕಿ ಮೊದಲ ಗೆರೆ ದಾಟಿದಾಗ ಒಂದು ಸೂಚನೆ, ಎರಡನೆಯದು ದಾಟಿದಾಗ ಇನ್ನೊಂದು. ಜೊತೆಗೆ ಗಾಳಿಯ ವೇಗವನ್ನೂ ಅಳೆದು ಕಳೆಯಬೇಕು. ಫಸ್ಟ್ ಸೆಮ್‌ನ ರಿಲೇಟಿವ್ ವೆಲಾಸಿಟಿ ಲೆಕ್ಕ, ಅಷ್ಟೇ. ಫಲಿತಾಂಶ: ಬೂದು ಕಾಗೆ ಗಂಟೆಗೆ ಸುಮಾರು 50 ಕಿ.ಮೀ., ಸ್ಟಾರ್ಲಿಂಗ್ ಸುಮಾರು 74. ಅಂದ್ರೆ, ಗಾಳಿಯಿಲ್ಲದ ದಿನ ಆ ಅರ್ಧ ಕಿಲೋಮೀಟರಿಗೆ ಕಾಗೆಗೆ 36 ಸೆಕೆಂಡ್ ಬೇಕು. ಗೇಟ್ಕೆ ಮಾತು ನಿಜವಾಗಿದ್ದರೆ ಸುಮಾರು ಹನ್ನೊಂದು ಸೆಕೆಂಡ್ ಸಾಕಿತ್ತು. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಎರರ್ ಬಾರ್ ನೆಪ ಹೇಳೋಕಾಗಲ್ಲ.

ವೇಗ ಗೊತ್ತಾಯಿತು ಸರಿ, ಹೋಗುವುದೆಲ್ಲಿಗೆ? ಡೆನ್ಮಾರ್ಕಿನ ಶಾಲಾ ಮೇಷ್ಟ್ರು ಮಾರ್ಟೆನ್‌ಸೆನ್ ಮೊದಲು ಸತುವಿನ ಉಂಗುರ ಮಾಡಿ, ಅದು ಭಾರವಾಯಿತೆಂದು ಬಿಟ್ಟು, 1899ರಲ್ಲಿ ಸ್ಟಾರ್ಲಿಂಗ್‌ಗಳಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿದ್ದರು. (ಮೆಟೀರಿಯಲ್ ಸೆಲೆಕ್ಷನ್ ಯಾಕೆ ಓದಬೇಕು ಅನ್ನುವವರು ಗಮನಿಸಿ.) ಥೀನೆಮನ್ 1903ರಲ್ಲಿ ಅದನ್ನೇ ದೊಡ್ಡದಾಗಿ ಶುರುಮಾಡಿದರು. ಮೊದಲು ಕೈಗೆ ಸಿಕ್ಕಿದ್ದು ಕಾಗೆಗಳೇ. ಯಾಕಂದ್ರೆ ಅಲ್ಲಿನ ಬಡ ಜನ ಮರಳಿನ ಮೇಲೆ ಬಲೆ ಹಾಸಿ, ಮೀನಿನ ಆಸೆ ತೋರಿಸಿ ಕಾಗೆ ಹಿಡಿಯುತ್ತಿದ್ದರು. ಹಿಡಿದದ್ದರ ತಲೆ ಕಚ್ಚಿ ಕೊಂದು, ಉಪ್ಪು ಹಾಕಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಓದೋಕೇ ಮುಜುಗರ, ಆದರೆ ಅದು ಅವರ ಊಟ. ಅವರಿಂದ ಜೀವಂತ ಕಾಗೆ ಕೊಂಡು, ಕಾಲಿಗೆ ನಂಬರ್ ಹಾಕಿ, ಹಾರಿಬಿಡುವುದು ಥೀನೆಮನ್ ಕೆಲಸ.

ಇಲ್ಲೇ ಜಗಳ ಹುಟ್ಟಿದ್ದು. ಆ ಕಾಲದಲ್ಲಿ ಉಂಗುರದ ನಂಬರ್ ವಾಪಸ್ ಬರಬೇಕಾದರೆ ಹಕ್ಕಿ ಸಾಮಾನ್ಯವಾಗಿ ಸತ್ತಿರಬೇಕು. ಉಂಗುರದ ಆಸೆಗೆ ಜನ ಸಿಕ್ಕಸಿಕ್ಕ ಹಕ್ಕಿಗೆಲ್ಲ ಗುಂಡು ಹೊಡೀತಾರೆ ಎಂದು ಟೀಕೆ ಬಂತು. ಟೀಕೆಯನ್ನು ಸುಮ್ಮನೆ ತಳ್ಳಿಹಾಕೋಕಾಗಲ್ಲ ಅನ್ನಿಸುತ್ತೆ ನಮಗೆ. ಥೀನೆಮನ್ ಸ್ವತಃ ಬೇಟೆಗಾರರೂ ಹೌದು. ಅವರಂತೂ ಉಂಗುರ ಹಾಕುವುದನ್ನು ನಿಲ್ಲಿಸಲಿಲ್ಲ. ಸ್ಟಾರ್ಕ್ ಅನ್ನೋ ದೊಡ್ಡ ಬಿಳಿ ಕೊಕ್ಕರೆಯ ಮರಿಗಳಿಗೂ ತೊಡಿಸಿದರು. ಒಂದೊಂದೇ ನಂಬರ್ ಆಫ್ರಿಕಾದಿಂದ, ಅದರ ದಕ್ಷಿಣ ತುದಿಯಿಂದಲೂ, ಬರತೊಡಗಿತು. ನಕ್ಷೆಯ ಮೇಲೆ ಚುಕ್ಕಿ ಇಟ್ಟು ದಾರಿ ಗುರುತಿಸುವುದು ಸಾಧ್ಯವಾಯಿತು. 1920ರ ದಶಕದಲ್ಲಿ ಇನ್ನೊಂದು ಪ್ರಯೋಗ: ದೊಡ್ಡ ಕೊಕ್ಕರೆಗಳೆಲ್ಲ ಹೊರಟುಹೋಗುವ ತನಕ ಮರಿಗಳನ್ನು ತಡೆದಿಟ್ಟು ಆಮೇಲೆ ಬಿಟ್ಟರು. ದಾರಿ ತೋರಿಸುವವರಿಲ್ಲದಿದ್ದರೂ ಅವು ಹೆಚ್ಚುಕಡಿಮೆ ಸರಿಯಾದ ದಿಕ್ಕಿಗೇ ಹೋದವು.

1938ರ ಏಪ್ರಿಲ್‌ನಲ್ಲಿ ಥೀನೆಮನ್ ರೋಸಿಟನ್‌ನಲ್ಲೇ ತೀರಿಕೊಂಡರು. ಎರಡನೇ ಮಹಾಯುದ್ಧದ ಕೊನೆಗೆ ವೀಕ್ಷಣಾಲಯ ಮುಚ್ಚಿತು, ಊರು ಸೋವಿಯತ್ ಪಾಲಾಗಿ ರಿಬಾಚಿ ಎಂಬ ಹೆಸರು ಪಡೆಯಿತು. 1956ರಲ್ಲಿ ಅಲ್ಲೇ ಹೊಸ ಕೇಂದ್ರ ತೆರೆದರು. ಬೃಹತ್ ಬಲೆಗಳನ್ನು ಎತ್ತಿ ಕಟ್ಟಿ, ಹಕ್ಕಿ ಹಿಡಿದು, ಉಂಗುರ ಹಾಕುವ ಕೆಲಸ ಅಲ್ಲಿ ಮತ್ತೆ ಶುರುವಾಯಿತು. ಉಂಗುರದ ಮೇಲೆ ಈ ಸಲ ಇದ್ದದ್ದು ಮಾಸ್ಕೋ ಹೆಸರು.