ಪಿಟ್ಯುಟರಿ ಚುರುಕಾದರೆ ಎತ್ತರ ಬೆಳೆಯುತ್ತೇವಾ? ವಾಡ್ಲೋ ಬದುಕು ಹೇಳುವ ಸತ್ಯ

ಪಿಟ್ಯುಟರಿ ಚುರುಕುಗೊಳಿಸಿ ಎತ್ತರ ಹೆಚ್ಚಿಸುವ ಪುಡಿಯ ಮೆಸೇಜ್ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಿಮ್ಮ ಗ್ರೂಪ್‌ಗೂ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ರಾಬರ್ಟ್ ವಾಡ್ಲೋ 1918ರಲ್ಲಿ ಅಮೆರಿಕದ ಆಲ್ಟನ್‌ನಲ್ಲಿ ಹುಟ್ಟಿದಾಗ ಎಲ್ಲರಂಥದ್ದೇ ಮಗು. ಪಿಟ್ಯುಟರಿ ಎಂದರೆ ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟು ಗ್ರಂಥಿ. ಅದರ ಮುಂಭಾಗ ಬೆಳವಣಿಗೆಯ ಹಾರ್ಮೋನ್ ಸ್ರವಿಸುತ್ತದೆ. ವಾಡ್ಲೋ ಅವರಲ್ಲಿ ಅದು ಮಿತಿಮೀರಿತು. ಎತ್ತರ 272 ಸೆಂ.ಮೀ. ತಲುಪಿತು, ಇಂದಿಗೂ ಅದೇ ದಾಖಲೆ. ಆದರೆ ಪಾದಗಳಲ್ಲಿ ಸ್ಪರ್ಶ ಕುಂದಿತು, ನಡೆಯಲು ಕಾಲಿಗೆ ಆಧಾರಪಟ್ಟಿ ಬೇಕಾಯಿತು. ಆ ಪಟ್ಟಿ ಉಜ್ಜಿ ಆದ ಬೊಬ್ಬೆಗೆ ಸೋಂಕು ತಗುಲಿ, 1940ರ ಜುಲೈ 15ರಂದು ತೀರಿಕೊಂಡರು. ವಯಸ್ಸು ಬರೀ 22.

ನಾವು ಹೇಳುವುದಿಷ್ಟೇ: ಮೂಳೆಗಳ ಬೆಳವಣಿಗೆ ನಿಂತ ಮೇಲೆ ಯಾವ ಪುಡಿಯೂ ಎತ್ತರ ಹೆಚ್ಚಿಸದು. ಮಗುವಿನ ಎತ್ತರದ ಚಿಂತೆಯಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.