ಶಿಲೀಂಧ್ರಗಳ ಗುಟ್ಟು ಅರಿತ ತಿರುಮಲಾಚಾರ್

ಮಕ್ಕಳೇ, ಸೇಡಂ, ಚಿಂಚೋಳಿ ಕಡೆಯ ಜೋಳಕ್ಕೆ ಕಾಡಿಗೆ ರೋಗ ಬಂದರೆ ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬುತ್ತದೆ. ಇದು ಅಣಬೆಯ ದೂರದ ಬಂಧುವಾದ ಒಂದು ಶಿಲೀಂಧ್ರದ ಕೆಲಸ. ಇಂಥ ಶಿಲೀಂಧ್ರಗಳ ಅಧ್ಯಯನಕ್ಕೆ ಬಾಳನ್ನು ಮುಡಿಪಿಟ್ಟವರು ಮೈಸೂರು ಸೀಮೆಯ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ (1914–1999).

ಶಿಲೀಂಧ್ರಗಳು ಮನುಷ್ಯರನ್ನೂ ಕಾಡುತ್ತವೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪೆನಿಸಿಲಿನ್ ಇವುಗಳನ್ನು ಕೊಲ್ಲದು. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ತಿರುಮಲಾಚಾರ್ ಮತ್ತು ಸಂಗಡಿಗರು ಇದಕ್ಕೆ ಮದ್ದು ಹುಡುಕಿದರು. ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಪಡೆದ ಹಮೈಸಿನ್ ಔಷಧವನ್ನು 1961ರಲ್ಲಿ ಪ್ರಕಟಿಸಿದರು. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟುವ ಶಿಲೀಂಧ್ರ ರೋಗಕ್ಕೆ ಅದು ಮದ್ದಾಯಿತು. ಬಳಿಕ ಬೆಳೆಗಳ ರೋಗಕ್ಕೆ ಆರಿಯೋಫಂಗಿನ್ ಬಂದಿತು.

ಮದ್ದು ಯಾವುದು, ವಿಷ ಯಾವುದು ಎಂಬುದು ಪರೀಕ್ಷೆಯಿಂದಲೇ ತಿಳಿಯುತ್ತದೆ. ಮಳೆಗಾಲದಲ್ಲಿ ಕಂಡ ಅಣಬೆಯನ್ನೆಲ್ಲ ತಿನ್ನಬೇಡಿ. ಕೆಲವು ಯಕೃತ್ತನ್ನೇ ಕೆಡಿಸುತ್ತವೆ.