ಬಿಲ್ಲುಂಡ್ ಗ್ರಾಮದ ಬಡಗಿಯೂ ಆಟದ ಇಟ್ಟಿಗೆಯ ಹಡಗುಗಳೂ

ಮಹಾಪುರುಷರ ಚರಿತ್ರೆಗಳೆಂದರೆ ಅರಸರ, ಸೇನಾಪತಿಗಳ ಮತ್ತು ಪಂಡಿತರ ಚರಿತ್ರೆಗಳೆಂದು ಭಾವಿಸುವುದು ಲೋಕರೂಢಿಯಾಗಿದೆ. ಆದರೆ ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದಾತನನ್ನು ಕರ್ತನೆಂದು ಆರಾಧಿಸುವ ನಾವು ಉಳಿ, ಗರಗಸಗಳನ್ನು ಹಿಡಿದ ಕೈಗಳನ್ನು ಅಲ್ಪವೆಂದು ಎಣಿಸಲಾರೆವು. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಡೆನ್ಮಾರ್ಕ್ ದೇಶದ ಒಬ್ಬ ಹಳ್ಳಿಯ ಬಡಗಿಯ ಚರಿತ್ರೆಯನ್ನು ನಮ್ಮ ಹಿಂದಿನ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಲು ಇಚ್ಛಿಸುತ್ತೇವೆ. ಈತನ ಹೆಸರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್. ಈ ಹೆಸರನ್ನು ಕೇಳದ ತಾಯಂದಿರು ಅನೇಕರಿರಬಹುದು. ಆದರೆ ಈತನ ಕಾರ್ಖಾನೆಯ ಬಣ್ಣದ ಚಿಕ್ಕ ಇಟ್ಟಿಗೆಗಳನ್ನು ಮಕ್ಕಳ ಕೋಣೆಯಲ್ಲಿ ಬರಿಗಾಲಿನಿಂದ ತುಳಿದು ನೊಂದವರು ಅವರಲ್ಲಿಯೂ ಕೆಲವರು ಇದ್ದೇ ಇರುವರು.

ಓಲೆ ಕಿರ್ಕನು 1891ನೆಯ ಇಸವಿ ಏಪ್ರಿಲ್ 7ನೆಯ ತಾರೀಖಿನಲ್ಲಿ ಡೆನ್ಮಾರ್ಕಿನ ಯೂಟ್ಲೆಂಡ್ ಸೀಮೆಯ ಒಂದು ಬಡ ಒಕ್ಕಲುಮನೆಯಲ್ಲಿ ಜನಿಸಿದನು. ಆ ಸೀಮೆಯು ಆಗ ಮರಳುಮಿಶ್ರಿತವಾದ ಸತ್ವಹೀನ ಭೂಮಿ. ಮನೆಯಲ್ಲಿ ಮಕ್ಕಳು ಬಹಳ, ಅನ್ನವು ಸ್ವಲ್ಪ. ಬಾಲ್ಯದಲ್ಲಿ ದನಕುರಿಗಳನ್ನು ಮೇಯಿಸಿಕೊಂಡಿದ್ದ ಈ ಹುಡುಗನು ಅಣ್ಣನ ಬಳಿಯಲ್ಲಿ ಬಡಗಿಕೆಲಸವನ್ನು ಕಲಿತನು. ಬಳಿಕ ಜರ್ಮನಿ, ನಾರ್ವೆ ದೇಶಗಳಲ್ಲಿ ಕೂಲಿಗೆ ದುಡಿದು ಕೈಚಳಕವನ್ನು ಹೆಚ್ಚಿಸಿಕೊಂಡನು. ನಾರ್ವೆಯಲ್ಲಿ ಪರಿಚಿತಳಾದ ಕ್ರಿಸ್ಟೀನೆ ಎಂಬ ಸದ್ಗುಣಿಯನ್ನು 1916ರಲ್ಲಿ ವಿವಾಹವಾಗಿ, ಕೂಡಿಟ್ಟ ಹಣದಿಂದ ಅದೇ ವರ್ಷ ಬಿಲ್ಲುಂಡ್ ಎಂಬ ಚಿಕ್ಕ ಗ್ರಾಮದಲ್ಲಿ ಒಂದು ಮರಗೆಲಸದ ಕಾರ್ಯಶಾಲೆಯನ್ನು ಕೊಂಡನು. ಸುತ್ತಲಿನ ಒಕ್ಕಲಿಗರ ಮನೆಗಳಿಗೆ ಬಾಗಿಲು, ಕಿಟಕಿ, ಪೆಟ್ಟಿಗೆಗಳನ್ನು ಮಾಡಿಕೊಡುತ್ತ ಆತನು ಸಂಸಾರವನ್ನು ನಡಿಸಿದನು. ಲೂಥರನ್ ಸಭೆಯೊಳಗಿನ ಭಕ್ತಿಪರವಾದ ಒಂದು ಆಂದೋಲನಕ್ಕೆ ಸೇರಿದ ಆತನಿಗೆ ಪ್ರಾರ್ಥನೆಯೂ ದುಡಿಮೆಯೂ ಬೇರೆ ಬೇರೆಯಾಗಿರಲಿಲ್ಲ.

ದೇವರು ಈ ಮನೆಗೆ ನಾಲ್ವರು ಗಂಡುಮಕ್ಕಳನ್ನು ದಯಪಾಲಿಸಿದನು. 1924ರಲ್ಲಿ ಒಂದು ದಿನ ಕಾರ್ಯಶಾಲೆಯಲ್ಲಿ ಆಡುತ್ತಿದ್ದ ಎಳೆಯ ಮಕ್ಕಳಿಬ್ಬರ ಕೈಯಿಂದ ಮರದ ಚಕ್ಕೆಗಳಿಗೆ ಕಿಡಿ ಹತ್ತಿ ಮನೆಯೂ ಕಾರ್ಯಶಾಲೆಯೂ ಭಸ್ಮವಾದವು. ತಂದೆಯು ಎದೆಗುಂದದೆ ಮೊದಲಿನದಕ್ಕಿಂತ ದೊಡ್ಡದಾದ ಕಟ್ಟಡವನ್ನು ಎಬ್ಬಿಸಿದನು. ಆದರೆ ಅದರ ಸಾಲವು ಹೆಗಲ ಮೇಲಿರುವಾಗಲೇ ಲೋಕವನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟು ಡೆನ್ಮಾರ್ಕಿಗೂ ಬಂದಿತು. ಒಕ್ಕಲಿಗರ ಧಾನ್ಯಕ್ಕೆ ಬೆಲೆಯಿಲ್ಲ. ಒಕ್ಕಲಿಗನ ಕೈ ಬರಿದಾದ ಮೇಲೆ ಬಡಗಿಯ ಬಾಗಿಲನ್ನು ತಟ್ಟುವವರು ಯಾರು? 1932ರಲ್ಲಿ ಆತನು ಕೆಲಸಗಾರರನ್ನು ಒಬ್ಬೊಬ್ಬರಾಗಿ ಬಿಡಿಸಬೇಕಾಯಿತು. ಅದೇ ವರ್ಷ ಕ್ರಿಸ್ಟೀನೆಯು ಕರ್ತನಲ್ಲಿ ನಿದ್ರಿಸಿದಳು. ಹಿರಿಯ ಮಗನಿಗೆ ಹದಿನೈದು, ಕಿರಿಯವನಿಗೆ ಆರು ವರ್ಷ. ಕೆಲಸವಿಲ್ಲದ ಕಾರ್ಯಶಾಲೆ, ತಾಯಿಯಿಲ್ಲದ ಮನೆ, ತೀರದ ಸಾಲ, ಇವುಗಳ ನಡುವೆ ನಲವತ್ತೊಂದು ವಯಸ್ಸಿನ ಆ ಬಡಗಿಯು ನಿಂತಿದ್ದನು.

ಅಂಥ ಹೊತ್ತಿನಲ್ಲಿ ಆತನು ಆರಿಸಿದ ಮಾರ್ಗವು ನೆರೆಹೊರೆಯವರಿಗೆ ಹುಚ್ಚುತನವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಮಿಕ್ಕಿದ ಮರದಿಂದ ಏಣಿ, ಮಣೆ, ಇಸ್ತ್ರಿಯ ಹಲಗೆಗಳನ್ನು ಮಾಡುವುದರ ಜೊತೆಗೆ ಆತನು ಮಕ್ಕಳ ಆಟಿಗೆಗಳನ್ನು ಮಾಡತೊಡಗಿದನು. ಸಾಲಕ್ಕೆ ಹೊಣೆಯಾದ ಒಡಹುಟ್ಟಿದವರು ಇದಕ್ಕಿಂತ ಪ್ರಯೋಜನವಾದ ವಸ್ತುವನ್ನು ಮಾಡಬಾರದೇ ಎಂದು ಕೇಳಿದರೆಂದು ಹೇಳುತ್ತಾರೆ. ಈ ಪ್ರಶ್ನೆಯು ನಮ್ಮ ಪೋಷಕರಲ್ಲಿ ಅನೇಕರು ತಮ್ಮ ಮಕ್ಕಳಿಗೆ ಹಾಕುವ ಪ್ರಶ್ನೆಯೇ ಆಗಿದೆ. ಓಲೆ ಕಿರ್ಕನು ಅದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. ಇನ್ನಷ್ಟು ಆಟಿಗೆಗಳನ್ನು ಮಾಡಿದನು. ಕೆಲವು ವೇಳೆ ಅವುಗಳಿಗೆ ಬದಲಾಗಿ ಹಣಕ್ಕೆ ಪ್ರತಿಯಾಗಿ ಆಹಾರಪದಾರ್ಥಗಳನ್ನೇ ಪಡೆದನು. ಯೋ-ಯೋ ಎಂಬ ಆಟಿಗೆಯ ಹುಚ್ಚು ಜನರಲ್ಲಿ ಎದ್ದು ಸ್ವಲ್ಪ ಕಾಲದಲ್ಲಿಯೇ ಇಳಿದುಹೋದಾಗ, ಮಾರದೆ ಉಳಿದ ಯೋ-ಯೋಗಳನ್ನು ನಡುವೆ ಕೊಯ್ದು ಆಟದ ಬಂಡಿಗಳಿಗೆ ಗಾಲಿಗಳನ್ನು ಮಾಡಿದನು. ಯಾವುದನ್ನೂ ಹಾಳುಮಾಡದ ಗೃಹಿಣಿಯ ಬುದ್ಧಿಯು ಆತನಲ್ಲಿತ್ತು.

ಮುಂದೆ ಆತನು ಎರಡನೆಯ ವಿವಾಹವನ್ನು ಮಾಡಿಕೊಂಡನು; ಮನೆಗೆ ಒಬ್ಬ ಮಗಳೂ ಬಂದಳು. ತನ್ನ ಉದ್ಯಮಕ್ಕೆ ಒಂದು ಹೆಸರು ಬೇಕೆಂದು ಕೆಲಸಗಾರರಲ್ಲಿ ಸ್ಪರ್ಧೆಯನ್ನು ಇಟ್ಟು, ಮನೆಯಲ್ಲಿ ತಯಾರಿಸಿದ ಒಂದು ಸೀಸೆ ದ್ರಾಕ್ಷಾರಸವನ್ನು ಬಹುಮಾನವಾಗಿ ಸಾರಿ, ಕಡೆಗೆ ತನ್ನ ಹೆಸರನ್ನೇ ಆತನು ಆರಿಸಿಕೊಂಡನು! ಡ್ಯಾನಿಶ್ ಭಾಷೆಯಲ್ಲಿ ಚೆನ್ನಾಗಿ ಆಡು ಎಂಬ ಅರ್ಥದ ಎರಡು ಪದಗಳ ಮೊದಲಕ್ಷರಗಳು ಕೂಡಿ ಲೆಗೊ ಎಂಬ ಹೆಸರಾಯಿತು.

ಈತನ ಶೀಲವನ್ನು ತಿಳಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳದಿರಲಾರೆವು. ಮೂರನೆಯ ಮಗನಾದ ಗೋಟ್‌ಫ್ರೆಡನು ಹನ್ನೆರಡನೆಯ ವಯಸ್ಸಿನಿಂದಲೇ ತಂದೆಗೆ ಸಹಾಯಕನಾಗಿದ್ದನು. ಮರದ ಬಾತುಗಳಿಗೆ ಮೂರು ಸಾರಿ ವಾರ್ನಿಷ್ ಬಳಿಯುವುದು ಆ ಕಾರ್ಯಶಾಲೆಯ ಕ್ರಮ. ಒಂದು ದಿನ ಹುಡುಗನು ಎರಡೇ ಸಾರಿ ಬಳಿದು ಪೆಟ್ಟಿಗೆಗಳನ್ನು ರೈಲು ನಿಲ್ದಾಣಕ್ಕೆ ತಲುಪಿಸಿ, ಹಣವನ್ನು ಉಳಿಸಿದೆನೆಂದು ಹಿಗ್ಗಿನಿಂದ ತಂದೆಗೆ ತಿಳಿಸಿದನು. ತಂದೆಯು ಮೆಚ್ಚಲಿಲ್ಲ. ಆ ಪೆಟ್ಟಿಗೆಗಳನ್ನು ಒಡನೆ ಹಿಂದಕ್ಕೆ ತಂದು, ಬಿಚ್ಚಿ, ಮೂರನೆಯ ಸಾರಿ ಬಳಿದು, ತಿರುಗಿ ಕಟ್ಟಿ ನಿಲ್ದಾಣಕ್ಕೆ ಒಯ್ಯಬೇಕೆಂದೂ, ರಾತ್ರಿಯೆಲ್ಲ ಹಿಡಿದರೂ ಯಾರ ಸಹಾಯವನ್ನೂ ಪಡೆಯಬಾರದೆಂದೂ ಆಜ್ಞಾಪಿಸಿದನು. ಮೂರನೆಯ ಲೇಪವನ್ನು ಕೊಳ್ಳುವವರು ಕಾಣರು; ಆಡುವ ಮಗುವೂ ಅರಿಯದು. ಆದರೂ ಅದು ಇರಲೇಬೇಕಾಗಿತ್ತು. ಆ ರಾತ್ರಿಯ ಪಾಠವನ್ನು ಮಗನು ಮರೆಯಲಿಲ್ಲ. ಮುಂದೆ ಆತನೇ, ಅತ್ಯುತ್ತಮವಾದುದಕ್ಕಿಂತ ಕಡಿಮೆಯಾದುದು ಸಲ್ಲದೆಂಬ ಭಾವದ ತಂದೆಯ ಧ್ಯೇಯವನ್ನು ಮರದ ಹಲಗೆಯಲ್ಲಿ ಕೆತ್ತಿ ಕಾರ್ಯಶಾಲೆಯ ಗೋಡೆಗೆ ತೂಗುಹಾಕಿದನು.

1940ರಲ್ಲಿ ಜರ್ಮನ್ ಸೈನ್ಯವು ಡೆನ್ಮಾರ್ಕನ್ನು ಆಕ್ರಮಿಸಿತು. 1942ರಲ್ಲಿ ಕಾರ್ಖಾನೆಯು ಮತ್ತೊಮ್ಮೆ ಬೆಂಕಿಗೆ ಆಹುತಿಯಾಗಿ, ವರ್ಷಗಳ ನಕಾಶೆಗಳೂ ಅಚ್ಚುಗಳೂ ಬೂದಿಯಾದವು. ಐವತ್ತು ದಾಟಿದ ವಯಸ್ಸಿನಲ್ಲಿ ಆತನು ಮತ್ತೆ ಅಸ್ತಿಭಾರದಿಂದ ಆರಂಭಿಸಿದನು. ಯುದ್ಧವು ಮುಗಿದ ಮೇಲೆ 1946ರಲ್ಲಿ ಪ್ಲಾಸ್ಟಿಕನ್ನು ಕರಗಿಸಿ ಅಚ್ಚಿಗೆ ಒತ್ತುವ ಒಂದು ಯಂತ್ರವನ್ನು ಬಹು ದುಬಾರಿಯ ಬೆಲೆಗೆ ಕೊಂಡನು. ಮರವನ್ನೇ ನಂಬಿದ ಬಡಗಿಗೆ ಇದೊಂದು ದೊಡ್ಡ ಸಾಹಸವೇ ಸರಿ.

ಇಟ್ಟಿಗೆಯ ಕಲ್ಪನೆಯು ಸಂಪೂರ್ಣವಾಗಿ ಆತನದಲ್ಲವೆಂಬುದನ್ನು ಸತ್ಯಕ್ಕಾಗಿ ಹೇಳಬೇಕು. ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತನು ಒಂದಕ್ಕೊಂದು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಮೊದಲೇ ನಿರ್ಮಿಸಿದ್ದನು. ತಂದೆಮಕ್ಕಳು ಆ ಮಾದರಿಯನ್ನು ನೋಡಿ, ಸ್ವಲ್ಪ ಮಾರ್ಪಡಿಸಿ, 1949ರಲ್ಲಿ ತಮ್ಮ ಇಟ್ಟಿಗೆಗಳನ್ನು ಹೊರತಂದರು. ಮೂರನೆಯ ಲೇಪಕ್ಕಾಗಿ ಮಗನನ್ನು ನಿಲ್ದಾಣಕ್ಕೆ ಅಟ್ಟಿದ ಆ ಕಟ್ಟುನಿಟ್ಟಿನ ಮನುಷ್ಯನ ಚರಿತ್ರೆಯಲ್ಲಿ ಈ ಸಂಗತಿಯು ನಮ್ಮನ್ನು ಯೋಚನೆಗೆ ಹಚ್ಚುವುದು. ದೇವಭಕ್ತರ ಚರಿತ್ರೆಯಲ್ಲಿಯೂ ಇತರರ ಋಣವು ಇರುವುದೆಂದು ತಿಳಿದು ಅದನ್ನು ಮುಚ್ಚಿಡದಿರುವುದೇ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಮೊದಲಲ್ಲಿ ಈ ಇಟ್ಟಿಗೆಗಳು ಒಳಗೆ ಪೊಳ್ಳಾಗಿದ್ದು, ಕಟ್ಟಿದ ಮನೆಯು ಸ್ವಲ್ಪ ತಗುಲಿದರೆ ಬಿಚ್ಚಿಹೋಗುತ್ತಿತ್ತು, ಮಾರಾಟವೂ ಅಷ್ಟಕ್ಕಷ್ಟೇ. 1954ರಲ್ಲಿ ಗೋಟ್‌ಫ್ರೆಡನು ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಒಬ್ಬ ವ್ಯಾಪಾರಿಯೊಡನೆ ಮಾತನಾಡುತ್ತಿದ್ದಾಗ, ಆಟಿಗೆಗಳಲ್ಲಿ ಒಂದು ಕ್ರಮಬದ್ಧವಾದ ಪದ್ಧತಿಯೇ ಇಲ್ಲವೆಂಬ ದೂರನ್ನು ಕೇಳಿದನು. ಆ ಮಾತು ಆತನ ಮನಸ್ಸಿನಲ್ಲಿ ಬೇರೂರಿ, ಇಂದಿನ ಇಟ್ಟಿಗೆಯು ನಾಳೆಯ ಇಟ್ಟಿಗೆಗೂ ಕೂಡಿಕೊಳ್ಳಬೇಕೆಂಬ ನಿಯಮವಾಗಿ ಬೆಳೆಯಿತು. 1958ರ ಜನವರಿ 28ರಂದು, ಇಟ್ಟಿಗೆಯ ಒಳಗೆ ಕೊಳವೆಗಳನ್ನು ಇಟ್ಟು ಕೆಳಗಿನ ಇಟ್ಟಿಗೆಯ ದುಂಡು ಗುಬಟುಗಳನ್ನು ಬಿಗಿಯಾಗಿ ಹಿಡಿಯುವ ಉಪಾಯಕ್ಕೆ ಹಕ್ಕುಪತ್ರವನ್ನು ಕೇಳಲಾಯಿತು. ನಮ್ಮ ಮಂಗಳೂರು ಹಂಚುಗಳು ಅಂಚಿನ ತೋಡುಗಳಿಂದ ಒಂದನ್ನೊಂದು ಹಿಡಿಯುವುದನ್ನು ಕಂಡವರಿಗೆ ಇದರ ಮರ್ಮವು ಸುಲಭವಾಗಿ ತಿಳಿಯುವುದು. ಅದೇ ವರ್ಷ ಮಾರ್ಚ್ 11ರಂದು, ಆರು ವಾರಗಳು ಕಳೆಯುತ್ತಲೇ, ಓಲೆ ಕಿರ್ಕನು ಈ ಲೋಕದ ದುಡಿಮೆಯನ್ನು ಮುಗಿಸಿ ವಿಶ್ರಾಂತಿಗೆ ಸೇರಿದನು. ತನ್ನ ಇಟ್ಟಿಗೆಯು ಲೋಕದ ಮಕ್ಕಳ ಕೈಗೆಲ್ಲ ತಲುಪುವುದನ್ನು ಆತನು ಕಾಣಲಿಲ್ಲ.

ಆತನ ಕಾಲದಲ್ಲಿ ಆ ಇಟ್ಟಿಗೆಯಿಂದ ಮುಖ್ಯವಾಗಿ ಮನೆ, ಬೀದಿಗಳನ್ನೇ ಕಟ್ಟುತ್ತಿದ್ದರು. ಆದರೆ ಡೆನ್ಮಾರ್ಕ್ ಕಡಲು ಸುತ್ತಿದ ದೇಶ. ಅಲ್ಲಿಯ ಅನೇಕ ದೇವಾಲಯಗಳಲ್ಲಿ ಸಮುದ್ರದಲ್ಲಿ ತಿರುಗುವವರ ಕ್ಷೇಮಕ್ಕಾಗಿ ಅರ್ಪಿಸಿದ ಚಿಕ್ಕ ಹಾಯಿಹಡಗುಗಳು ಮಾಳಿಗೆಯಿಂದ ತೂಗುತ್ತಿರುತ್ತವೆ. ಹಗ್ಗ, ಹಾಯಿಕಂಬಗಳೆಲ್ಲವೂ ಅವುಗಳಲ್ಲಿ ಕ್ರಮವಾಗಿರುತ್ತವೆ. ಚೌಕಾಕಾರದ ಇಟ್ಟಿಗೆಯಿಂದಲೂ ಅಂಥ ಹಡಗನ್ನು ಕಟ್ಟುವ ಆಸೆಯು ಹವ್ಯಾಸಿಗಳಲ್ಲಿ ಹುಟ್ಟಿತು. 1989ರಲ್ಲಿ ಕಾರ್ಖಾನೆಯೇ ಬಟ್ಟೆಯ ಹಾಯಿಗಳುಳ್ಳ ಕಡಲುಗಳ್ಳರ ಹಡಗನ್ನು ಮಾರಾಟಕ್ಕೆ ತಂದ ಮೇಲೆ ಈ ಕಲೆಯು ಇನ್ನೂ ಹಬ್ಬಿತು.

ಈ ಕೆಲಸದಲ್ಲಿ ಎಷ್ಟು ಬುದ್ಧಿಯು ಬೇಕೆಂಬುದನ್ನು ನೋಡೋಣ. ಮೊದಲನೆಯದು ಪ್ರಮಾಣ. ಆಟದ ಮನುಷ್ಯನ ಎತ್ತರ ಸುಮಾರು 4 ಸೆಂಟಿಮೀಟರ್. ಆದುದರಿಂದ ನಿಜವಸ್ತುವನ್ನು ಸುಮಾರು ನಲವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಬೇಕು. 1765ರಲ್ಲಿ ನೀರಿಗಿಳಿದು ಇಂದಿಗೂ ಪೋರ್ಟ್ಸ್‌ಮತ್ತಿನಲ್ಲಿರುವ ವಿಕ್ಟರಿ ಎಂಬ ಯುದ್ಧನೌಕೆಯ ಫಿರಂಗಿಯ ಅಂತಸ್ತು ಸುಮಾರು 57 ಮೀಟರ್ ಉದ್ದ. ಗುಬಟಿನಿಂದ ಗುಬಟಿಗೆ 8 ಮಿಲಿಮೀಟರ್ ಅಂತರವಾದುದರಿಂದ, ಅದನ್ನು ಕಟ್ಟಲು 170 ಗುಬಟುಗಳಷ್ಟು ಉದ್ದ ಬೇಕಾಗುವುದು. ಗಣಿತವು ಬೇಸರವೆನ್ನುವ ಹುಡುಗಿಯು ಇಲ್ಲಿ ತಾನಾಗಿಯೇ ಭಾಗಾಕಾರ ಮಾಡುವಳು.

ಎರಡನೆಯದು ಹಡಗಿನ ಒಡಲು. ಇಟ್ಟಿಗೆಯು ಚೌಕ, ಹಡಗಿನ ಪಕ್ಕವು ಬಾಗು. ಆದುದರಿಂದ ಒಳಗೆ ಗಟ್ಟಿಯಾದ ಎಲುಬುಗೂಡನ್ನು ಕಟ್ಟಿ, ಪಕ್ಕಗಳನ್ನು ಬೇರೆಯಾಗಿ ಜೋಡಿಸಿ, ತಿರುಗುಣಿಗಳಿಂದ ಓರೆಯಾಗಿ ಸೇರಿಸುತ್ತಾರೆ. ಗುಬಟುಗಳು ಮೇಲಕ್ಕಲ್ಲದೆ ಪಕ್ಕಕ್ಕೆ ಮುಖಮಾಡಿದರೂ ಲೆಕ್ಕವು ತಪ್ಪದು. ಏಕೆಂದರೆ ಐದು ತೆಳು ಬಿಲ್ಲೆಗಳ ಎತ್ತರವು 16 ಮಿಲಿಮೀಟರ್, ಎರಡು ಗುಬಟುಗಳ ಅಗಲವೂ ಅಷ್ಟೇ.

ಮೂರನೆಯದೂ ಕಠಿನವಾದುದೂ ಹಗ್ಗಗಳ ಕೆಲಸ. ದುಂಡು ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಕಡ್ಡಿಯನ್ನು ತೂರಿಸಿ ಹಾಯಿಕಂಬವನ್ನು ನಿಲ್ಲಿಸುತ್ತಾರೆ. ಅದನ್ನು ಮುಂದಕ್ಕೆ ಒಂದು ದಾರವೂ, ಎರಡು ಪಕ್ಕಗಳಿಗೆ ಏಣಿಯಂಥ ದಾರಗಳೂ ಸಮವಾಗಿ ಎಳೆದು ಹಿಡಿಯಬೇಕು. ನಾವು ಮನೆಯ ಮಕ್ಕಳೊಡನೆ ಕುಳಿತು ಇದನ್ನು ಮಾಡಿನೋಡಿದಾಗ, ದಾರವನ್ನು ಬಿಗಿದ ಕ್ಷಣವೇ ಅಂಚಿನ ಇಟ್ಟಿಗೆಯು ಕಳಚಿಬಂದು, ಎರಡು ಸಂಜೆಗಳ ಶ್ರಮವು ನೆಲದ ಮೇಲೆ ಚೆಲ್ಲಿತು, ಕಿರಿಯವಳು ಅತ್ತಳು. ಇಟ್ಟಿಗೆಯು ಪಕ್ಕದ ನೂಕನ್ನು ತಾಳುವುದು, ಮೇಲಕ್ಕೆ ಎಳೆದರೆ ಕಳಚುವುದು. ದಾರವನ್ನು ಕಟ್ಟುವ ಇಟ್ಟಿಗೆಯನ್ನು ಇತರ ಇಟ್ಟಿಗೆಗಳ ಕೆಳಗೆ ಹುದುಗಿಸಿ ಭದ್ರಪಡಿಸಬೇಕೆಂದು ಮಾರನೆಯ ದಿನ ಆ ಕಿರಿಯವಳೇ ಕಂಡುಹಿಡಿದಳು. ಕಂಬವನ್ನು ನಿಲ್ಲಿಸುವ ದಾರಗಳು ಮೊದಲು, ಹಾಯಿಯನ್ನು ತಿರುಗಿಸುವ ದಾರಗಳು ಆಮೇಲೆ. ಒಳಗಿನವು ಮೊದಲು, ಹೊರಗಿನವು ಆಮೇಲೆ. ಈ ಕ್ರಮವು ತಪ್ಪಿದರೆ ಬೆರಳು ಹೋಗದು.

ಹುದುಗಿಸಿದ ಆ ಇಟ್ಟಿಗೆಯು ಹಡಗು ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾತಿನ ಮೂರನೆಯ ಲೇಪದಂತೆ ಅದೂ ಗುಪ್ತವಾದ ಕೆಲಸ. ಆದರೆ ಹಾಯಿಕಂಬವೆಲ್ಲ ಅದರ ಆಧಾರದಿಂದಲೇ ನಿಂತಿರುವುದು. ಸಣ್ಣದರಲ್ಲಿ ನಂಬಿಗಸ್ತರಾಗಿರಬೇಕೆಂದು ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದ ಉಪದೇಶವನ್ನು ಈ ಬಡಗಿಯು ಮರ, ವಾರ್ನಿಷ್‌ಗಳಲ್ಲಿ ನಡಿಸಿ ತೋರಿಸಿದನು. ನಮ್ಮ ವಿದ್ಯಾರ್ಥಿನಿಯರು ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಪಾಠಶಾಲೆಗಳಲ್ಲಿ ಮಾಡುವ ಎಷ್ಟೋ ಕೆಲಸವು ಹೀಗೆಯೇ ಯಾರಿಗೂ ಕಾಣದೆ ಇರುವುದು. ಅದು ವ್ಯರ್ಥವೆಂದು ಅವರು ಕುಗ್ಗದಿರಲಿ.

ಪೋಷಕರಿಗೂ ಒಂದು ವಿಜ್ಞಾಪನೆ. ಮಗಳು ನೆಲದ ಮೇಲೆ ಇಟ್ಟಿಗೆಗಳನ್ನು ಹರಡಿಕೊಂಡು ಕುಳಿತಾಗ ಪ್ರಯೋಜನವಾದ ಕೆಲಸವನ್ನು ಮಾಡೆಂದು ಅವಳನ್ನು ಕೂಡಲೇ ಎಬ್ಬಿಸಬೇಡಿರಿ. ಹೆಂಡತಿಯನ್ನು ಕಳೆದುಕೊಂಡು ಸಾಲದಲ್ಲಿ ಮುಳುಗಿದ ಒಬ್ಬ ತಂದೆಯು, ಮಕ್ಕಳ ಆಟವು ಪ್ರಯೋಜನವಾದ ಕೆಲಸವೇ ಎಂದು ನಂಬಿ ತನ್ನ ಬಾಳನ್ನೇ ಅದಕ್ಕೆ ಮುಡಿಪಾಗಿಟ್ಟನು. ಹಡಗು ಬಿದ್ದರೆ ಬೀಳಲಿ. ಮಾರನೆಯ ದಿನ ಅವಳು ಅದನ್ನು ಮತ್ತೆ ಕಟ್ಟುವಳು.